ಅಡ್ಡ ಸೆಲ್ಲಿನ ಕಿಟಕಿ

ಜನವರಿ ೯

ಪ್ರೀತಿಯ ಮಾವ,

ಫೋನ್ ಮಾಡಿದರೆ ನೀನು ಎಲ್ಲದಕ್ಕೂ ‘ಹ್ಞಾಂ, ಹ್ಞಾಂ’ ಅನ್ನುತ್ತೀ, ಇಟ್ಟ ಮೇಲೆ ಅತ್ತೆಯನ್ನು ‘ಏನಂದ್ಲು?’ ಎಂದು ಕೇಳುತ್ತೀ. ಮೂವತ್ತನಾಲ್ಕು ವರ್ಷ ಲೋಹ ಕೊರೆಯುವ ಲೇತಿನ ಪಕ್ಕ ನಿಂತ ಕಿವಿ. ಅದಕ್ಕೇ ಈ ಕಾಗದ.

ನಮ್ಮ ಪ್ರಯೋಗಾಲಯಕ್ಕೆ ನೀನು ಮಾಡಿಕೊಟ್ಟ ಎರಡು ಅಲ್ಯೂಮಿನಿಯಂ ಪಾತ್ರೆಗಳು, ನಿನ್ನ ಸೆಲ್ಲುಗಳು, ಬಂದು ಸೇರಿದವು. ಒಂದು ಗೀರೂ ಬಿದ್ದಿಲ್ಲ. ನಮ್ಮ ಮೇಡಂ ಅವನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, ‘ನಿಮ್ಮಾವನ ಕೈಗೆ ಚಿನ್ನದ ಬಳೆ ತೊಡಿಸ್ಬೇಕು’ ಅಂದರು. ನಿನ್ನ ಹೆಸರನ್ನು ಶಿಫಾರಸು ಮಾಡಿದವಳು ನಾನೇ ಆದ್ದರಿಂದ ನನಗೂ ಒಂದು ಬಳೆ ಸಿಕ್ಕಷ್ಟು ಖುಷಿ.

‘ಅದರೊಳಗೆ ಏನ್ ಮಾಡ್ತೀರೋ ನಿಮಗೇ ಗೊತ್ತು’ ಎನ್ನುತ್ತೀಯಲ್ಲ, ಈ ಸಲ ಹೇಳಿಬಿಡುತ್ತೇನೆ. ಹೈಡ್ರೋಜನ್ ಅನಿಲವನ್ನು ಸೊನ್ನೆಗಿಂತ ಇನ್ನೂರ ಐವತ್ತಮೂರು ಡಿಗ್ರಿ ಕೆಳಗೆ ತಣ್ಣಗಾಗಿಸಿದರೆ ಅದು ನೀರಿನಂತೆ ದ್ರವವಾಗುತ್ತದೆ. ಅದನ್ನು ನಿನ್ನ ಸೆಲ್ಲಿನೊಳಗೆ ಪಂಪಿನಿಂದ ಸುತ್ತಿಸುತ್ತೇವೆ. ಒಂದು ಕಿಟಕಿಯಿಂದ ಎಲೆಕ್ಟ್ರಾನ್‌ಗಳ ಬೀಮ್, ಅಂದರೆ ಕಿರಣ, ಒಳಹೊಕ್ಕು ಇನ್ನೊಂದು ಕಿಟಕಿಯಿಂದ ಹೊರಬೀಳುತ್ತದೆ. ಎಷ್ಟು ಎಲೆಕ್ಟ್ರಾನ್ ಡಿಕ್ಕಿ ಹೊಡೆದು ಪಕ್ಕಕ್ಕೆ ಚಿಮ್ಮಿತು ಎಂದು ಎಣಿಸುವುದು ನಮ್ಮ ಕೆಲಸ. ತೊಂದರೆ ಏನೆಂದರೆ ಬೀಮ್ ಹಾದಲ್ಲಿ ದ್ರವ ಬಿಸಿಯಾಗುತ್ತದೆ, ಸಣ್ಣ ಗುಳ್ಳೆಗಳು ಏಳುತ್ತವೆ, ಸಾಂದ್ರತೆ ಒಂದು ಕ್ಷಣ ಹೆಚ್ಚು, ಒಂದು ಕ್ಷಣ ಕಡಿಮೆ. ನಮ್ಮ ಎಣಿಕೆ ನಡುಗಿ ಹಾಳಾಗುತ್ತದೆ. ಉದ್ದ ಸೆಲ್ಲಿನಲ್ಲಿ ದ್ರವ ಬೀಮಿನ ಜೊತೆಗೇ ಹರಿಯುತ್ತದೆ. ಅಡ್ಡ ಸೆಲ್ಲಿನಲ್ಲಿ ಬೀಮನ್ನು ಅಡ್ಡ ಹಾಯ್ದು ಹೋಗುತ್ತದೆ. ಅಡ್ಡ ಸೆಲ್ಲಿನ ನಕ್ಷೆ ನನ್ನದು. ಎರಡರಲ್ಲಿ ಯಾವುದು ಕಡಿಮೆ ನಡುಗುತ್ತದೆ ಎಂದು ಹೋಲಿಸಿ ನೋಡಿ ಹೇಳಬೇಕು, ಅಷ್ಟೆ.

ಅಷ್ಟೆ ಎಂದು ಬರೆದೆ. ಆದರೆ ಮಾವ, ನನಗೆ ಹೆದರಿಕೆ. ಹೈಡ್ರೋಜನ್ ಸೋರಿ ಹೊತ್ತಿಕೊಂಡರೆ ಹಗಲಲ್ಲಿ ಅದರ ಉರಿ ಕಣ್ಣಿಗೆ ಕಾಣುವುದೇ ಇಲ್ಲವಂತೆ. ಇಲ್ಲಿ ಮೀಸೆ ಎಂದು ಎಲ್ಲರೂ ಕರೆಯುವ ಹಳೆಯ ಟೆಕ್ನೀಷಿಯನ್ ಒಬ್ಬರಿದ್ದಾರೆ. ತರಬೇತಿಯ ದಿನ ಅವರು ಒಂದು ಕಡ್ಡಿ ಪೊರಕೆಯನ್ನು ಮುಂದೆ ಚಾಚಿ ಹಿಡಿದು ಹೆಜ್ಜೆ ಹೆಜ್ಜೆಯಾಗಿ ನಡೆದು ತೋರಿಸಿದರು. ‘ಸೋರಿದೆ ಅಂತ ಅನುಮಾನ ಬಂದ್ರೆ ಹೀಗೆ ಹೋಗ್ಬೇಕು. ಪೊರಕೆ ಎಲ್ಲಿ ಹತ್ಕೊಳ್ತೋ ಅಲ್ಲಿದೆ ಬೆಂಕಿ.’ ಎಲ್ಲರೂ ನಕ್ಕರು. ನಾನು ಮಾತ್ರ ಹೊರಬಾಗಿಲು ಎಲ್ಲಿದೆ ಎಂದು ನೋಡಿಕೊಂಡೆ.

ನಿನ್ನ,
ಚೋಟಿ


ಜನವರಿ ೨೧

ಚೋಟಿಗೆ ಮಾವನ ಆಶೀರ್ವಾದ.

ಕನ್ನಡಕದ ಒಂದು ಗಾಜು ಒಡೆದಿದೆ. ಆದ್ದರಿಂದ ನಾನು ಹೇಳುತ್ತಿದ್ದೇನೆ, ನಿನ್ನತ್ತೆ ಬರೆಯುತ್ತಿದ್ದಾಳೆ. ನಡುವೆ ಅವಳದೇ ಮಾತು ಸೇರಿಸಿದರೆ ನಾನು ಜವಾಬ್ದಾರನಲ್ಲ. (ಸೇರಿಸುವುದಿಲ್ಲ. — ಅತ್ತೆ)

ಅಷ್ಟು ಓದಿದವರು ಕೊನೆಗೆ ಪೊರಕೆ ಹಿಡಿದು ನಡೆಯುತ್ತೀರಿ ಎಂದು ಕೇಳಿ ನನಗೆ ನಿಮ್ಮ ಮೇಲೆ ಗೌರವ ಹೆಚ್ಚಾಯಿತು. ಆ ಮೀಸೆಯವರು ಕೆಲಸ ಬಲ್ಲವರು. ಅವರ ಹಿಂದೆಯೇ ಇರು, ಮುಂದೆ ಹೋಗಬೇಡ.

ಕಿಟಕಿಗಳ ವಿಷಯ. ಬೀಮ್ ಒಳಹೋಗುವ ಎದುರಿನ ಕಿಟಕಿ ಸುಲಭ. ಅದು ಹೊರಬೀಳುವ ಹಿಂದಿನ ಕಿಟಕಿಯನ್ನು ನೀನು ಕೇಳಿದ ಹಾಗೆ ಅಲ್ಯೂಮಿನಿಯಂ ಗಟ್ಟಿಯಿಂದಲೇ ಬುರುಡೆಯಾಕಾರಕ್ಕೆ ಕೊರೆದು ನೂರ ಇಪ್ಪತ್ತೈದು ಮೈಕ್ರಾನಿಗೆ ಇಳಿಸಿದೆ. ಎರಡು ತೆಳು ಕಾಗದದ ಹಾಳೆ ದಪ್ಪ ಎಂದುಕೋ. ಅಡ್ಡ ಸೆಲ್ಲಿನದು ಹನ್ನೊಂದು ದಿನ ಹಿಡಿಯಿತು. ನಾಲ್ಕು ಕಿಟಕಿ ಕೆಟ್ಟು ಐದನೆಯದು ಕೂತಿತು. ಹಿಂದೆಲ್ಲ ಒಂದು ಕೆಡುತ್ತಿತ್ತು. ಈಗಿನ ಲೋಹವೂ ಮೊದಲಿನಂತಿಲ್ಲ.

ಹೆದರಬೇಡ. ಚಿಕ್ಕವಳಿದ್ದಾಗ ಸ್ಟೂಲ್ ಮೇಲೆ ನಿಂತು ಲೇತಿನ ಚಕ್ರ ತಿರುಗಿಸುತ್ತಿದ್ದೆ, ಆಗ ಹೆದರಿಕೆ ಎಲ್ಲಿತ್ತು? ಊಟ ಬಿಡಬೇಡ.

ಇಂತಿ,
ಮಾವ


ಫೆಬ್ರವರಿ ೧೭

ಪ್ರೀತಿಯ ಮಾವ,

ಒಂದು ಒಳ್ಳೆಯ ಸುದ್ದಿ, ಒಂದು ಪ್ರಶ್ನೆ.

ಉದ್ದ ಸೆಲ್ಲನ್ನು ಮೊದಲು ಕೂರಿಸಿದೆವು. ಬೀಮಿನ ಬಲ ಐವತ್ತು ಮೈಕ್ರೊಆಂಪ್ ಇರುವವರೆಗೆ ಸಾಧುವಾಗಿತ್ತು. ನೂರು ದಾಟುತ್ತಿದ್ದಂತೆ ಒಲೆಯ ಮೇಲಿನ ನೀರಾಯಿತು. ಎಣಿಕೆಯ ನಡುಕ ಮೂರು ಪಟ್ಟು. ಪಂಪ್ ಜೋರು ಮಾಡಿದರೂ ಅಷ್ಟಕ್ಕಷ್ಟೆ. ಆಮೇಲೆ ಅಡ್ಡ ಸೆಲ್ ಕೂರಿಸಿದೆವು. ನೂರರಲ್ಲಿ ಅದು ಅಲುಗಲೇ ಇಲ್ಲ! ಬಿಸಿಯಾದ ದ್ರವ ಗುಳ್ಳೆ ಕಟ್ಟುವ ಮೊದಲೇ ಪಕ್ಕಕ್ಕೆ ಕೊಚ್ಚಿ ಹೋಗುತ್ತದೆ. ಮೇಡಂ ಎಲ್ಲರೆದುರು ನನ್ನ ಬೆನ್ನು ತಟ್ಟಿದರು. ಮಾರ್ಚ್ ಕೊನೆಗೆ ಪೂರ್ತಿ ಬೀಮ್, ನೂರ ಎಂಬತ್ತು, ಎಂದು ಘೋಷಿಸಿಯೂ ಬಿಟ್ಟರು.

ಇನ್ನು ಪ್ರಶ್ನೆ. ಅಡ್ಡ ಸೆಲ್ಲಿನಲ್ಲಿ ಉಳಿದ ಸಣ್ಣ ನಡುಕವನ್ನು ಬಿಡಿಸಿ ನೋಡಿದಾಗ ಒಂದು ಕಡೆ ಒಂದೇ ಲಯದ ಬಡಿತ ಕಾಣಿಸಿತು. ಗುಳ್ಳೆಗಳಿಗೆ ಲಯ ಇರುವುದಿಲ್ಲ, ಅವು ಮನಸ್ಸು ಬಂದಂತೆ ಏಳುತ್ತವೆ. ಪಂಪ್ ಜೋರು ಮಾಡಿದರೆ ಗುಳ್ಳೆಯ ನಡುಕ ಇಳಿಯಬೇಕು. ಇದು ಏರುತ್ತದೆ. ಬಾಗಿಲಿಗೆ ಯಾರೋ ಬೆರಳಿನಿಂದ ತಟ್ಟುತ್ತಲೇ ಇರುವ ಹಾಗೆ. ದ್ರವವಲ್ಲ, ಹಿಂದಿನ ಕಿಟಕಿಯೇ ಅದುರುತ್ತಿದೆಯೋ ಏನೋ ಎಂದು ನನಗೆ ಗುಮಾನಿ.

ಅದಕ್ಕೇ ನೀನು ಕಳಿಸಿದ ಅಳತೆ ಹಾಳೆ ತೆಗೆದು ನೋಡಿದೆ. ಹಿಂದಿನ ಕಿಟಕಿ: ನಡುವೆ ೧೨೫, ಮೇಲೆ ೧೨೫, ಕೆಳಗೆ ೧೨೫, ಎಡಕ್ಕೆ ೧೨೫, ಬಲಕ್ಕೆ ೧೨೫. ಮಾವ, ದಪ್ಪ ಅಳೆಯುವ ಮೈಕ್ರೋಮೀಟರ್ ಹಿಡಿಯಲು ನನಗೆ ಕಲಿಸಿದವನು ನೀನು. ಐದು ಕಡೆ ಅಳೆದರೆ ಐದು ಬೇರೆ ಬೇರೆ ಅಂಕಿ ಬರುತ್ತವೆ ಎಂದು ಹೇಳಿಕೊಟ್ಟವನೂ ನೀನೇ. ಇದು ಹೇಗೆ?

ನಿನ್ನ,
ಚೋಟಿ


ಫೆಬ್ರವರಿ ೨೬

ಚೋಟಿಗೆ,

ಅಳತೆ ಸರಿಯಾಗಿದೆ. ಮೂವತ್ತನಾಲ್ಕು ವರ್ಷದಲ್ಲಿ ನನ್ನ ಹಾಳೆಯನ್ನು ಮರಳಿ ಕೇಳಿದವರಿಲ್ಲ. ನೀನು ಮೊದಲನೆಯವಳು. ಬಡಿತ ಬರುತ್ತಿದ್ದರೆ ನಿನ್ನ ಪಂಪಿನ ಬೇರಿಂಗ್ ನೋಡಿಕೋ.

ಮಾವ


ಮಾರ್ಚ್ ೧೨

ಮಾವ,

ಬೇರಿಂಗ್ ನೋಡಿದೆವು. ಪಂಪನ್ನೇ ಬದಲಿಸಿದೆವು. ಬಡಿತ ಹಾಗೇ ಇದೆ.

ನಿನ್ನೆ ಬೀಮ್ ನೂರ ನಲವತ್ತಕ್ಕೆ ಏರಿತು. ಬಡಿತ ಎರಡು ಪಟ್ಟಾಯಿತು. ನಾನು ಮೇಡಂ ಹತ್ತಿರ ಹೋಗಿ, ‘ಇದು ಕಿಟಕಿ ಇರ್ಬಹುದು, ಒಂದು ಸಲ ನಿಲ್ಸಿ ತೆಗೆದು ನೋಡೋಣ್ವಾ?’ ಎಂದು ಕೇಳಿದೆ. ಅವರು ಪರದೆಯಿಂದ ಕಣ್ಣು ತೆಗೆಯದೆ, ‘ಅಳತೆ ಹಾಳೇಲಿ ಏನಿದೆ?’ ಅಂದರು.

‘ನೂರ ಇಪ್ಪತ್ತೈದು ಇದೆ.’

‘ಮತ್ತೆ? ಅಷ್ಟಿದ್ರೆ ಇದರ ಮೂರರಷ್ಟು ಒತ್ತಡ ತಡೆಯುತ್ತೆ. ನಿಂಗೆ ಗಾಬರಿ ಜಾಸ್ತಿ ಕಣೆ. ತೆಗೆದು ನೋಡೋದು ಅಂದ್ರೆ ಎರಡು ವಾರ ಹೋಯ್ತು.’

ನಾನು ‘ಸರಿ ಮೇಡಂ’ ಅಂದೆ. ನಿನ್ನ ಹಾಳೆಯ ಮೇಲೆ ನನಗೆ ಸಂಶಯವಿದೆ ಎಂದು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ.

ಮಧ್ಯಾಹ್ನ ದ್ರವದ ಮಟ್ಟ ತೋರಿಸುವ ತಂತಿ ಸಡಿಲವಾಯಿತು. ಬೀಮ್ ನಿಲ್ಲಿಸಿ, ವಿಕಿರಣ ಇಳಿಯುವವರೆಗೆ ಕಾದು, ಮೀಸೆ ಒಬ್ಬರೇ ಸೆಲ್ ಇರುವ ಹಾಲ್‌ನೊಳಗೆ ಹೋದರು. ಹೈಡ್ರೋಜನ್ ಸೆಲ್ಲಿನಲ್ಲೇ ಇತ್ತು, ಪಂಪ್ ಓಡುತ್ತಲೇ ಇತ್ತು. ಸೆಲ್ ಒಂದು ಉಕ್ಕಿನ ನಿರ್ವಾತ ಪೀಪಾಯಿಯೊಳಗೆ ಇರುತ್ತದೆ. ಆ ಪೀಪಾಯಿಗೂ ಒಂದು ತೆಳು ಕಿಟಕಿ. ಒಳಗಿನದು ಒಡೆದರೆ ಅಷ್ಟೂ ದ್ರವ ಒಮ್ಮೆಲೇ ಅನಿಲವಾಗಿ ಉಬ್ಬಿ ಹೊರಗಿನದನ್ನೂ ಒಡೆಯುತ್ತದೆ. ಮೀಸೆ ಆ ಪೀಪಾಯಿಗೆ ಎದೆ ತಾಗಿಸಿಕೊಂಡೇ ಬಗ್ಗಿ ತಂತಿ ಬಿಗಿದರು. ನಾನು ಇಲ್ಲಿ ಕ್ಯಾಮೆರಾದಲ್ಲಿ ನೋಡುತ್ತಾ ಕೂತಿದ್ದೆ. ಏಳು ನಿಮಿಷ. ಕೆಲಸ ಮುಗಿದ ಮೇಲೆ ಕ್ಯಾಮೆರಾದ ಕಡೆ ತಿರುಗಿ ಕೈ ಬೀಸಿದರು. ನಾನು ಎದ್ದು ಬಾಗಿಲಿಗೆ ಹೋಗಿ, ಅವರು ಹೊರಗೆ ಬರುವವರೆಗೆ ಅಲ್ಲೇ ನಿಂತೆ.

ಕೈಮುಗಿದು ಕೇಳುತ್ತೇನೆ. ಇದು ನಿನ್ನ ಮರ್ಯಾದೆಯ ಮಾತಲ್ಲ. ನೀನು ಆ ಕಿಟಕಿಯನ್ನು ಐದು ಕಡೆ ಅಳೆದೆಯಾ? ಹೌದು, ಇಲ್ಲ, ಒಂದೇ ಪದ ಸಾಕು. ಇಪ್ಪತ್ತೇಳಕ್ಕೆ ಪೂರ್ತಿ ಬೀಮ್.

ಚೋಟಿ


ಮಾರ್ಚ್ ೨೦

ಚೋಟಿ,

ಇದನ್ನು ನಾನೇ ಬರೆಯುತ್ತಿದ್ದೇನೆ. ನಿನ್ನ ಮಾವನಿಗೆ ಗೊತ್ತಿಲ್ಲ. ಅವರು ಲೇತಿನ ಶೆಡ್ಡಿಗೆ ಹೋಗಿದ್ದಾರೆ. ಹೋಗಿ ಏನು ಮಾಡುತ್ತಾರೆ ಎಂದು ಕೇಳಬೇಡ. ಯಂತ್ರ ಒರೆಸುತ್ತಾರೆ.

ಕನ್ನಡಕ ಒಡೆದಿಲ್ಲ. ಹೋದ ವರ್ಷದಿಂದ ಅವರ ಬಲಗೈ ನಡುಗುತ್ತಿದೆ. ಮೊದಲು ಲೋಟ ಹಿಡಿದಾಗ ಮಾತ್ರ ಇತ್ತು, ಈಗ ಸುಮ್ಮನೆ ಕೂತರೂ ನಡುಗುತ್ತದೆ. ವೈದ್ಯರ ಹತ್ತಿರ ಹೋಗೋಣ ಎಂದರೆ ಎದ್ದು ಹೋಗುತ್ತಾರೆ. ಲೇತಿನಲ್ಲಿ ಕೈಯನ್ನು ಹಿಡಿಕೆಗೆ ಒತ್ತಿಟ್ಟುಕೊಂಡು ಹೇಗೋ ಕೊರೆಯುತ್ತಾರೆ. ಅಳೆಯುವಾಗ ಆಗುವುದಿಲ್ಲ.

ನಿನ್ನ ಕಿಟಕಿಯ ದಿನ ನಾನು ಊಟದ ಡಬ್ಬಿ ಕೊಡಲು ಹೋಗಿದ್ದೆ. ‘ಕೂತ್ಕೋ, ಅಂಕಿ ಬರ್ಕೋ’ ಅಂದರು. ನಡುವೆ ಅಳೆದರು. ಮೂರು ಸಲ ಕೈ ಜಾರಿ ನಾಲ್ಕನೆಯ ಸಲ ನಿಂತಿತು. ‘ನೂರ ಇಪ್ಪತ್ತೈದು’ ಅಂದರು. ಬರೆದೆ. ಆಮೇಲೆ ಮೈಕ್ರೋಮೀಟರನ್ನು ಮೇಜಿನ ಮೇಲೆ ಇಟ್ಟುಬಿಟ್ಟರು. ಕೈಯನ್ನು ತೊಡೆಯ ಕೆಳಗೆ ಸೇರಿಸಿಕೊಂಡು ಗೋಡೆ ನೋಡುತ್ತಾ, ‘ಮೇಲೂ ಅಷ್ಟೇ ಬರಿ. ಕೆಳಗೂ ಬರಿ’ ಅಂದರು. ನಾನು ಬರೆದೆ, ಚೋಟಿ. ಅದು ನನ್ನ ಅಕ್ಷರ. ಏನಾಗುತ್ತದೆ ಎಂದು ನನಗೆ ತಿಳಿದಿರಲಿಲ್ಲ ಎಂದು ಹೇಳಬಹುದು. ಆದರೆ ಅಳೆಯದೆ ಬರೆಸಿದರು ಎಂಬುದು ತಿಳಿದಿತ್ತಲ್ಲ.

ನಿನ್ನ ಕಾಗದ ಬಂದಾಗಿನಿಂದ ಅವರಿಗೆ ಅನ್ನ ಸೇರುತ್ತಿಲ್ಲ. ಬೀದಿಯಲ್ಲಿ ಆಂಬುಲೆನ್ಸ್ ಸದ್ದು ಅವರಿಗೆ ಕೇಳಿಸುವುದಿಲ್ಲ, ಆದರೂ ನಾನು ತಲೆ ಎತ್ತಿದರೆ ಸಾಕು, ‘ಏನು? ಏನಾಯ್ತು?’ ಅನ್ನುತ್ತಾರೆ. ನನಗೆ ಅವರ ಬಗ್ಗೆಯೂ ಹೆದರಿಕೆ, ನಿನ್ನ ಬಗ್ಗೆಯೂ ಹೆದರಿಕೆ. ಆ ಮೀಸೆಯವರಿಗೆ ಮನೆಯಲ್ಲಿ ಯಾರಿದ್ದಾರೋ. ನೀನು ಮಾಡಬೇಕಾದ್ದನ್ನು ಮಾಡು. ಇಲ್ಲಿಯದು ನಾನು ನೋಡಿಕೊಳ್ಳುತ್ತೇನೆ.

ಅತ್ತೆ


ಏಪ್ರಿಲ್ ೨

ಪ್ರೀತಿಯ ಮಾವ,

ನಿಲ್ಲಿಸಿದೆ.

ಇಪ್ಪತ್ತಾರರ ಬೆಳಿಗ್ಗೆ ಎಲ್ಲರೂ ನಿಯಂತ್ರಣ ಕೋಣೆಯಲ್ಲಿದ್ದಾಗ ಮೇಡಂ ಮುಂದೆ ನಿಂತು, ‘ಹಿಂದಿನ ಕಿಟಕಿಯ ಅಳತೆಯನ್ನ ನಂಬೋಕಾಗಲ್ಲ. ನಾಳೆ ಬೀಮ್ ಬೇಡ’ ಅಂದೆ. ಕೊನೆಯ ಪದ ಯಾರಿಗೂ ಕೇಳಿಸಲಿಲ್ಲ. ಮತ್ತೆ ಹೇಳಬೇಕಾಯಿತು.

‘ನಿಮ್ಮಾವನೇ ಮಾಡಿದ್ದಲ್ವಾ?’

‘ಹೌದು. ಅದಕ್ಕೇ ಹೇಳ್ತಿದೀನಿ.’

ಮೇಡಂ ದಾಖಲೆ ಪುಸ್ತಕವನ್ನು ನನ್ನ ಕಡೆ ತಳ್ಳಿ, ‘ಬರಿ. ನಿಲ್ಲಿಸಿದ್ದು ನೀನು ಅಂತ ಬರಿ’ ಅಂದರು.

ಹೈಡ್ರೋಜನ್ ತೆಗೆದು ಸೆಲ್ಲನ್ನು ಬೆಚ್ಚಗಾಗಿಸಲು ಎರಡು ದಿನ ಹಿಡಿಯಿತು. ಆ ಎರಡು ದಿನ ನಾನು ಬಾಡಿಗೆ ಕೋಣೆಗೂ ಕಚೇರಿಗೂ ನಡುವಿನ ರಸ್ತೆಯಲ್ಲಿ ಎಷ್ಟು ಸಲ ಓಡಾಡಿದೆನೋ ಲೆಕ್ಕವಿಲ್ಲ. ಕಿಟಕಿ ಸರಿಯಾಗಿದ್ದರೆ ನಿನ್ನ ಹೆಸರಿಗೆ ಮಸಿ ಬಳಿದವಳಾಗುತ್ತೇನೆ, ಸರಿಯಿಲ್ಲದಿದ್ದರೂ ಬಳಿದವಳೇ. ಯಾವುದಕ್ಕೆ ಹೆದರಬೇಕೆಂದೇ ತಿಳಿಯಲಿಲ್ಲ.

ಕೊನೆಗೆ ಕಿಟಕಿಯನ್ನು ನಾವೇ ಅಳೆದೆವು. ನಡುವೆ ೧೨೪. ಮೇಲೆ ೧೨೬, ಎಡಕ್ಕೆ ೧೧೯, ಬಲಕ್ಕೆ ೧೨೧. ಕೆಳಗೆ ೭೮. ಅಲ್ಲಿ ಉಗುರಿನ ತುದಿಯಷ್ಟು ಸುಕ್ಕು. ಭೂತಗನ್ನಡಿ ಹಿಡಿದು ನೋಡಿದರೆ ಸುಕ್ಕಿನ ಮಡಿಕೆಯಲ್ಲಿ ಸಣ್ಣ ಬಿರುಕು ಶುರುವಾಗಿತ್ತು. ‘ಇನ್ನೆಷ್ಟು ದಿನ ತಡೀತಿತ್ತು?’ ಎಂದು ಮೇಡಂ ಕೇಳಿದರು. ಸುರಕ್ಷತಾ ಅಧಿಕಾರಿ, ‘ದಿನಾನಾ? ಗಂಟೆ ಕೇಳಿ’ ಅಂದರು.

ಇದೂ ಕೇಳು. ಅಡ್ಡ ಸೆಲ್ಲಿನೊಳಗೆ ದ್ರವವನ್ನು ತಿರುಗಿಸಲು ತಗಡಿನ ರೆಕ್ಕೆ ಇಟ್ಟಿದ್ದೇವಲ್ಲ, ಅದರ ಅಂಚು ನೇರ ಆ ಜಾಗಕ್ಕೇ ಮುಖ ಮಾಡಿದೆ. ಅಂಚಿನಿಂದ ಸುಳಿ ಎದ್ದು ಎದ್ದು ಕಿಟಕಿಗೆ ಬಡಿಯುತ್ತಿತ್ತು. ಲಯ ಬಂದದ್ದು ಅದರಿಂದ. ಅಂಚನ್ನು ಗುಂಡಗೆ ಮಾಡಬೇಕಿತ್ತು. ಚೂಪಾಗಿ ಬಿಡಿಸಿದವಳು ನಾನು. ವರದಿಯಲ್ಲಿ ಅದನ್ನೂ ಬರೆದಿದ್ದೇನೆ. ಕಿಟಕಿ ತೆಳುವಾದದ್ದು ನಿನ್ನಿಂದ, ಅದನ್ನು ಬಡಿದದ್ದು ನನ್ನಿಂದ.

ಅಳತೆ ಹಾಳೆಯ ಬಗ್ಗೆ ಮಾತ್ರ ‘ಉಪಕರಣದಲ್ಲಿ ದೋಷ ಇದ್ದಿರಬಹುದು’ ಎಂದು ಬರೆದೆ. ಯಾರೂ ಮರಳಿ ಕೇಳಲಿಲ್ಲ. ಇನ್ನು ಉದ್ದ ಸೆಲ್ಲನ್ನೇ ಮತ್ತೆ ಕೂರಿಸುತ್ತಾರೆ. ಅದರ ಹಾಳೆಯಲ್ಲಿ ಐದೂ ಅಂಕಿ ಬೇರೆ ಬೇರೆ ಇರುವುದರಿಂದ ಅದನ್ನು ಯಾರೂ ಶಂಕಿಸಿಲ್ಲ. ಹದಿನೈದಕ್ಕೆ ಬೀಮ್. ಅದು ನಡುಗಿದರೂ ಪರವಾಗಿಲ್ಲ, ಸುರಕ್ಷಿತವಾದರೆ ಸಾಕು ಎಂದು ಮೇಡಂ ಹೇಳುತ್ತಾರೆ.

ಕೋಪ ಇದ್ದರೆ ಬರಿ. ಬರೆಯದೆ ಮಾತ್ರ ಇರಬೇಡ.

ನಿನ್ನ,
ಚೋಟಿ


ಏಪ್ರಿಲ್ ೯

ಚೋಟಿ,

ಈ ಕಾಗದ ತಲುಪುವ ಮೊದಲೇ ನಿನ್ನತ್ತೆ ಫೋನಿನಲ್ಲಿ ಇಷ್ಟು ಹೇಳಿರುತ್ತಾಳೆ: ಉದ್ದ ಸೆಲ್ಲಿಗೆ ಹೈಡ್ರೋಜನ್ ತುಂಬಬೇಡಿ. ಯಾಕೆ ಎಂಬುದನ್ನು ನಾನು ಹೇಳಬೇಕು.

ಅದರ ಹಾಳೆಯೂ ಹಾಗೇ. ಅಂಕಿಗಳನ್ನು ಬೇರೆ ಬೇರೆ ಬರೆಸಿದ್ದೇನೆ, ಅಷ್ಟೇ ವ್ಯತ್ಯಾಸ. ಮನೆಯಲ್ಲಿ ಕೂತು ಬರೆಸಿದ್ದರಿಂದ ನಿನ್ನತ್ತೆಗೂ ತಿಳಿಯಲಿಲ್ಲ. ನಡುವೆ ಮಾತ್ರ ಅಳೆದದ್ದು. ಉಳಿದವು ಬಾಯಿಗೆ ಬಂದದ್ದು.

ನಿನ್ನತ್ತೆ ನಿನಗೆ ಬರೆದದ್ದನ್ನು ನನಗೆ ಹೇಳಿದಳು. ನನಗೆ ಸಿಟ್ಟು ಬರಲಿಲ್ಲ. ಯಾರೋ ಬೆನ್ನ ಮೇಲಿನ ಮೂಟೆಯ ಒಂದು ಮೂಲೆ ಹಿಡಿದ ಹಾಗಾಯಿತು. ಅಷ್ಟು ದಿನ ನಾನು ಹೆದರಿದ್ದು ಕೈ ಹೋಯಿತಲ್ಲ ಎಂದು. ಈ ಕೈ ಇಲ್ಲದಿದ್ದರೆ ನಾನು ಯಾರು ಎಂದು. ನಿನ್ನ ಮೂರನೇ ಕಾಗದ ಓದಿದ ಮೇಲೆ ಬೇರೆಯ ಹೆದರಿಕೆ ಬಂತು. ಆದರೂ ಬಾಯಿ ಬಿಡಲಿಲ್ಲ. ಅದಕ್ಕೆ ನನ್ನ ಬಳಿ ಸಬೂಬಿಲ್ಲ.

ಉಪಕರಣದ ದೋಷ ಎಂದು ಬರೆದಿದ್ದೀಯಲ್ಲ. ಅಳಿಸು. ನನ್ನ ಮೈಕ್ರೋಮೀಟರ್ ಸುಳ್ಳು ಹೇಳಿಲ್ಲ. ಸೋಮವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ನಿಮ್ಮ ಮೇಡಂ ಎದುರು ನಾನೇ ಹೇಳುತ್ತೇನೆ. ನೀನು ನನ್ನ ಪರವಾಗಿ ಒಂದು ಅಕ್ಷರ ಮಾತಾಡಬಾರದು.

ನಾನು ಮನಸ್ಸು ಬದಲಿಸದ ಹಾಗೆ ನಿನ್ನತ್ತೆಯ ಕೈಯಲ್ಲಿ ಟಿಕೆಟ್ ತೆಗೆಸಿಟ್ಟಿದ್ದೇನೆ.

ಮಾವ


ಏಪ್ರಿಲ್ ೧೬

ಪ್ರೀತಿಯ ಅತ್ತೆ,

ಮಾವ ಕ್ಷೇಮವಾಗಿ ಬಂದರು. ನಾಳೆ ಹೊರಡುತ್ತಾರೆ. ಅವರು ತಾವಾಗಿ ಏನೂ ಹೇಳುವುದಿಲ್ಲ ಎಂದು ನನಗೆ ಗೊತ್ತು, ಆದ್ದರಿಂದ ನಾನು ಬರೆದು ಅವರ ಚೀಲದಲ್ಲೇ ಇಟ್ಟು ಕಳಿಸುತ್ತಿದ್ದೇನೆ.

ಸಭೆಯ ಕೋಣೆಯಲ್ಲಿ ಎಂಟು ಜನ. ಮಾವ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು. ಬಲಗೈಯನ್ನು ಜೇಬಿನಲ್ಲಿಟ್ಟುಕೊಂಡೇ ಒಳಗೆ ಬಂದರು. ಕಿವಿ ಕೇಳದವರಲ್ಲವೇ, ತಮ್ಮ ದನಿ ಎಷ್ಟು ಜೋರು ಎಂದು ಅವರಿಗೆ ತಿಳಿಯಲಿಲ್ಲ. ‘ಒಂದು ಕಡೆ ಅಳ್ದೆ. ಐದು ಕಡೆ ಬರೆಸ್ದೆ. ಎರಡು ಸೆಲ್ಲಿಗೂ ಹಾಗೇ ಮಾಡ್ದೆ’ ಎಂದದ್ದು ಮೊಗಸಾಲೆಯ ಆಚೆಗಿದ್ದವರಿಗೂ ಕೇಳಿಸಿತು. ಆಮೇಲೆ ಜೇಬಿನಿಂದ ಕೈ ತೆಗೆದು ಮೇಜಿನ ಮೇಲಿಟ್ಟರು. ಅದು ಮರದ ಮೇಲೆ ಟಕಟಕ ಬಡಿದುಕೊಳ್ಳುತ್ತಿತ್ತು. ಯಾರೂ ಆ ಕಡೆ ನೋಡಲಿಲ್ಲ.

ಮೇಡಂ ಒಂದು ಹಾಳೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು ಅವರ ಮುಂದೆ ಹಿಡಿದರು: ‘ಇದಕ್ಕೂ ಮೊದಲಿನ ಸೆಲ್ಲುಗಳು?’

‘ಅವೆಲ್ಲ ಸರಿ. ಆಗ ಕೈ ಇತ್ತು.’

ನಿಮ್ಮ ಫೋನ್ ಬಂದ ಕೂಡಲೇ ಉದ್ದ ಸೆಲ್ಲನ್ನು ನಾವು ಅಳೆದಿದ್ದೆವು. ಐದೂ ಕಡೆ ಸರಿಯಾಗಿತ್ತು. ನಾನು ಹಾಳೆ ತೋರಿಸಿದಾಗ ಮಾವ ಓದಿ, ಮತ್ತೆ ಓದಿ, ‘ಇದು ನನ್ನ ಅದೃಷ್ಟ, ನನ್ನ ಕೆಲಸ ಅಲ್ಲ’ ಅಂದರು. ಮುಂದೆ ಅವರ ಶೆಡ್ಡಿಗೆ ಕೆಲಸ ಕೊಡುವುದಿಲ್ಲ ಎಂದು ಮೇಡಂ ಬರೆದು ತೋರಿಸಿದರು. ಅವರು ‘ಕೊಡ್ಬೇಡಿ’ ಅಂದರು. ನಾನು ಅಡ್ಡ ಸೆಲ್ಲಿನ ರೆಕ್ಕೆಯನ್ನು ಮೊದಲಿನಿಂದ ಬಿಡಿಸಬೇಕು. ಬೇರೊಬ್ಬರು ಪ್ರತಿ ಗೆರೆಯನ್ನೂ ತಿದ್ದಿ ನೋಡುತ್ತಾರೆ. ಅದು ನ್ಯಾಯವೇ. ನನ್ನ ಗೆರೆಯ ಮೇಲೆ ಈಗ ನನಗೂ ಹೆದರಿಕೆ ಇದೆ.

ಹೊರಗೆ ಬಂದ ಮೇಲೆ ಮಾವ ಕೇಳಿದ್ದು ಒಂದೇ: ‘ಆ ಮನುಷ್ಯ ಎಲ್ಲಿ ನಿಂತಿದ್ರು? ತೋರ್ಸು.’

ಬೀಮ್ ಇರಲಿಲ್ಲ, ಹಾಲ್ ತೆರೆದಿತ್ತು. ಕರೆದುಕೊಂಡು ಹೋದೆ. ಪೀಪಾಯಿಯ ಪಕ್ಕದಲ್ಲಿ ಮೀಸೆ ಬಗ್ಗಿದ್ದ ಜಾಗ ತೋರಿಸಿದೆ. ಮಾವ ಅಲ್ಲಿಗೆ ಹೋಗಿ ಅದೇ ರೀತಿ ಬಗ್ಗಿ ನಿಂತರು. ಎದೆ ಉಕ್ಕಿಗೆ ತಾಗುತ್ತಿತ್ತು. ನಾನು ಕರೆದೆ, ಕೇಳಿಸಲಿಲ್ಲ. ಭುಜ ಮುಟ್ಟಿದಾಗ ಅವರ ಇಡೀ ಮೈ ನಡುಗುತ್ತಿರುವುದು ಗೊತ್ತಾಯಿತು. ಬರೀ ಕೈಯಲ್ಲ. ಹೊರಗಿನ ಮೆಟ್ಟಿಲವರೆಗೆ ನಡೆಸಿಕೊಂಡು ಬಂದು ಕೂರಿಸಿದೆ.

ಮೀಸೆಯವರು ಎಲ್ಲಿಂದಲೋ ನೋಡಿದ್ದರು. ಕ್ಯಾಂಟೀನಿನಿಂದ ಎರಡು ಲೋಟ ಚಹಾ ಹಿಡಿದು ಬಂದು ಅದೇ ಮೆಟ್ಟಿಲ ಮೇಲೆ ಕೂತರು. ಇವರೇ ಅವರು ಎಂದು ನಾನು ಮಾವನಿಗೆ ಸನ್ನೆ ಮಾಡಿದೆ. ಮಾವ ಎದ್ದು ನಿಲ್ಲಲು ನೋಡಿದರು. ಆಗಲಿಲ್ಲ. ಕೂತಲ್ಲಿಂದಲೇ, ಇಡೀ ಅಂಗಳಕ್ಕೆ ಕೇಳಿಸುವಂತೆ, ‘ನಾನು ನಿಮ್ಮನ್ನ ಸಾಯಿಸ್ತಿದ್ದೆ ಕಣ್ರೀ’ ಅಂದರು.

ಮೀಸೆ ಅವರ ಮುಖವನ್ನೇ ನೋಡಿದರು. ಅವರಿಗೂ ಹೆದರಿಕೆಯಾಗಿತ್ತು ಅತ್ತೆ, ಆಗ ಕಂಡೆ. ಲೋಟ ಹಿಡಿದ ಬೆರಳುಗಳು ಬಿಳಿಚಿಕೊಂಡಿದ್ದವು. ಒಂದು ಲೋಟದ ಅರ್ಧ ಚಹಾವನ್ನು ಇನ್ನೊಂದಕ್ಕೆ ಸುರಿದು, ಚೆಲ್ಲದಷ್ಟು ಕಡಿಮೆ ಮಾಡಿ, ಆ ಲೋಟವನ್ನು ಮಾವನ ಎರಡೂ ಕೈಗಳ ನಡುವೆ ಇಟ್ಟರು. ಕಿವಿಯ ಹತ್ತಿರ ಬಗ್ಗಿ ಜೋರಾಗಿ ಹೇಳಿದರು:

‘ಹೇಳೋಕೆ ಬಂದ್ರಲ್ಲ. ಕುಡೀರಿ, ಆರೋಗುತ್ತೆ.’

ಮಾವ ಕುಡಿದರು.

ನಿಮ್ಮ,
ಚೋಟಿ